ಮನೆಯಂಗಳದ ಡೀಸೆಲ್: ಪಾತ್ರೆ ಬದಲಾಗುವ ಗಳಿಗೆ

ಎತ್ತುಗಳ ಕಾಲದ ಒಕ್ಕಲುತನದಲ್ಲಿ ಮೇವಿಡುವ ರೀತಿಯನ್ನೂ ನೀರುಣಿಸುವ ಹೊತ್ತನ್ನೂ ಹಿರಿಯರು ಮಕ್ಕಳಿಗೆ ಕಲಿಸಿಕೊಡುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ಎತ್ತಿನ ಕೊಟ್ಟಿಗೆಯಿದ್ದ ಎಡೆಯಲ್ಲಿ ಡೀಸೆಲ್ ಪೀಪಾಯಿ ನಿಂತಿದೆ. ಟ್ರ್ಯಾಕ್ಟರು, ಪಂಪುಸೆಟ್ಟು, ಜನರೇಟರುಗಳಿಗೆ ಅದೇ ಮೇವು. ಆದರೆ ಆ ಪೀಪಾಯಿಯೊಡನೆ ಬಾಳುವ ರೀತಿಯನ್ನು ನಮ್ಮ ಮನೆಗಳಲ್ಲಿ ಇನ್ನೂ ಯಾರೂ ಕಲಿಸಿಕೊಟ್ಟಿಲ್ಲ. ಉಡಿಯಲ್ಲಿ ಕೆಂಡ ಕಟ್ಟಿಕೊಂಡು ನಡೆಯುವವರು ಕೆಂಡದ ಗುಣವನ್ನಾದರೂ ಅರಿತಿರಬೇಕಲ್ಲವೇ?

ಡೀಸೆಲ್ಲಿಗೆ ಬೆಂಕಿ ಹತ್ತದೇ?

ಎಣ್ಣೆ ಉರಿಯುವುದಿಲ್ಲ, ಎಣ್ಣೆಯಿಂದೇಳುವ ಆವಿ ಉರಿಯುತ್ತದೆ. ಯಾವ ಉಷ್ಣತೆಯಲ್ಲಿ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವಷ್ಟು ಆವಿ ಏಳುವುದೋ ಅದನ್ನು ಜ್ವಲನಬಿಂದು ಎನ್ನುತ್ತಾರೆ. ಪೆಟ್ರೋಲಿಗೆ ಇದು ಶೂನ್ಯಕ್ಕಿಂತ ಬಹಳ ಕೆಳಗಿದೆ. ಆದುದರಿಂದ ಪೆಟ್ರೋಲು ಚಳಿಗಾಲದ ರಾತ್ರಿಯಲ್ಲಿಯೂ ಅಪಾಯಕಾರಿ. ನಮ್ಮ ದೇಶದ ಮಾನಕದಂತೆ ಡೀಸೆಲ್ಲಿನ ಜ್ವಲನಬಿಂದು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಕೂಡದು. ಇದನ್ನು ಕೇಳಿ 'ಡೀಸೆಲ್ಲಿಗೆ ಬೆಂಕಿ ಹತ್ತದು' ಎಂದು ನಂಬುವವರುಂಟು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುವಾಗ, ಬಿಸಿಲಿಗೆ ನಿಂತ ಕಬ್ಬಿಣದ ಪೀಪಾಯಿಯೊಳಗಿನ ಕಾವೆಷ್ಟೆಂಬುದನ್ನು ಓದುಗರೇ ಊಹಿಸಬಹುದು. ಡೀಸೆಲ್ಲಿಗೆ ತುಸು ಪೆಟ್ರೋಲು ಬೆರೆತರಂತೂ ಅದರ ಸ್ವಭಾವ ಪೆಟ್ರೋಲಿನ ಕಡೆಗೇ ವಾಲುತ್ತದೆ. ಪೆಟ್ರೋಲು ತಂದ ಕ್ಯಾನಿನಲ್ಲಿ ಡೀಸೆಲ್ ತರಬಾರದೆಂಬುದಕ್ಕೆ ಇದೇ ಕಾರಣ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗದೆ ನೆಲಕ್ಕೆ ಅಂಟಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ದೂರದ ಒಲೆಯ ಕಿಡಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. 2009ರ ಅಕ್ಟೋಬರ್ 29ರ ಸಂಜೆ ಜಯಪುರದ ಸೀತಾಪುರದಲ್ಲಿದ್ದ ಇಂಡಿಯನ್ ಆಯಿಲ್ ಸಂಸ್ಥೆಯ ಸಂಗ್ರಹಾಗಾರದಲ್ಲಿ, ಪೆಟ್ರೋಲನ್ನು ಕೊಳವೆಯ ಮೂಲಕ ಬೇರೆಡೆಗೆ ಸಾಗಿಸುವ ಸಿದ್ಧತೆಯಲ್ಲಿರುವಾಗ ಸೋರಿಕೆಯುಂಟಾಯಿತು. ಒಂದು ತಾಸಿಗೂ ಹೆಚ್ಚು ಹೊತ್ತು ಆವಿ ಆವರಣದಲ್ಲೆಲ್ಲ ಹರಡಿತು, ಬಳಿಕ ಸ್ಫೋಟಿಸಿತು. ಹತ್ತಕ್ಕೂ ಹೆಚ್ಚು ಜನ ಮಡಿದರು. ಬೆಂಕಿ ದಿನಗಟ್ಟಲೆ ಉರಿಯಿತು. ತರಬೇತಿ ಪಡೆದವರ ನಡುವೆಯೇ ಹೀಗಾಯಿತೆಂಬುದನ್ನು ಗಮನಿಸಬೇಕು. ಇಂಧನವು ಮುಚ್ಚಿದ ಪಾತ್ರೆಯಲ್ಲಿ ಸುಮ್ಮನಿರುವಾಗ ಅಪಾಯ ಕಡಿಮೆ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗುವ ಗಳಿಗೆಯೇ ಗಂಡಾಂತರದ ಗಳಿಗೆ.

ತರುವಾಗ, ಸುರಿಯುವಾಗ

ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿ, ಅಡುಗೆ ಎಣ್ಣೆಯ ಡಬ್ಬಿಗಳಲ್ಲಿ ಇಂಧನ ತರುವುದು ಸರ್ವಥಾ ಸಲ್ಲದು. ಇಂಧನಕ್ಕೆಂದೇ ಮಾಡಿದ, ತಿರುಪು ಮುಚ್ಚಳವುಳ್ಳ ಗಟ್ಟಿ ಪಾತ್ರೆ ಬೇಕು. ಬಂಕಿನಲ್ಲಿ ಅದನ್ನು ಟ್ರಾಲಿಯ ಮೇಲಿರಿಸಿ ತುಂಬಿಸದೆ ನೆಲದ ಮೇಲಿಟ್ಟು ತುಂಬಿಸಬೇಕು. ಹರಿಯುವ ಇಂಧನದಲ್ಲಿ ಸ್ಥಾಯೀ ವಿದ್ಯುತ್ತು ಹುಟ್ಟುತ್ತದೆ. ನೆಲದ ಸಂಪರ್ಕವಿದ್ದರೆ ಅದು ಭೂಮಿಗಿಳಿಯುತ್ತದೆ, ಇಲ್ಲದಿದ್ದರೆ ಕಿಡಿಯಾಗಿ ಸಿಡಿಯಬಹುದು. ಕಾವಿಗೆ ಇಂಧನ ಹಿಗ್ಗುವುದರಿಂದ ಕಂಠದವರೆಗೆ ತುಂಬದೆ ತುಸು ಜಾಗ ಬಿಡಬೇಕು.

ಎಂಜಿನ್ನು ಆರಿಸಿ, ತಣಿಯಲು ಬಿಟ್ಟ ನಂತರವೇ ಟ್ಯಾಂಕಿಗೆ ಸುರಿಯುವುದು ಲೇಸು. ರಾತ್ರಿ ಬೆಳಕಿಗಾಗಿ ಬೆಂಕಿಕಡ್ಡಿ ಗೀರುವುದು, ಬಾಯಲ್ಲಿ ಬೀಡಿಯಿಟ್ಟುಕೊಂಡು ಲಾಳಿಕೆ ಹಿಡಿಯುವುದು ಇವೆರಡೂ ಸಾವನ್ನು ಕರೆಯುವ ಕೆಲಸಗಳು.

ಕೊಳವೆಯ ತುದಿಯನ್ನು ಬಾಯಲ್ಲಿಟ್ಟು ಡೀಸೆಲ್ ಹೀರಿ ಇಳಿಸುವ ಚಾಳಿ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಗುಟುಕು ಡೀಸೆಲ್ ಹೊಟ್ಟೆಗೆ ಹೋಗುವುದಕ್ಕಿಂತ ಹನಿ ಡೀಸೆಲ್ ಶ್ವಾಸಕೋಶಕ್ಕೆ ಇಳಿಯುವುದು ಹೆಚ್ಚು ಘಾತಕ. ಕೈಯಿಂದ ಒತ್ತುವ ಪಂಪು ಅಲ್ಪ ಬೆಲೆಗೆ ದೊರೆಯುವಾಗ ಪುಪ್ಪುಸವನ್ನೇಕೆ ಪಣಕ್ಕಿಡಬೇಕು?

ಇರಿಸುವಾಗ

ಪೀಪಾಯಿಯನ್ನು ಮಲಗುವ ಮನೆ, ಅಡುಗೆಮನೆ, ಮೇವಿನ ಬಣವೆಗಳಿಂದ ದೂರ, ಗಾಳಿಯಾಡುವ ನೆರಳಿನಲ್ಲಿ ಇರಿಸಬೇಕು. ಮಳೆನೀರು ಒಳಗಿಳಿಯಕೂಡದು. ಅರೆ ತುಂಬಿದ ಪೀಪಾಯಿಯಲ್ಲಿ ತೇವ ಹನಿಗಟ್ಟಿ ತಳಕ್ಕೆ ಸೇರುತ್ತದೆ. ನೀರು-ಎಣ್ಣೆ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಎಂಜಿನ್ನಿನ ಶೋಧಕವನ್ನು ಕಟ್ಟಿಹಾಕುತ್ತವೆ. ಸತುವಿನ ಲೇಪವುಳ್ಳ ಪಾತ್ರೆ ಡೀಸೆಲ್ಲಿಗೆ ಒಗ್ಗದು. ತಿಂಗಳಾನುಗಟ್ಟಲೆ ಕೂಡಿಡದೆ, ಹಳೆಯದನ್ನು ಮೊದಲು ಬಳಸುವುದು ಜಾಣತನ.

1934ರ ಪೆಟ್ರೋಲಿಯಂ ಕಾಯಿದೆಯಂತೆ, ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ 30 ಲೀಟರಿನವರೆಗೆ ಮಾತ್ರ ಇರಿಸಬಹುದು. ಡೀಸೆಲ್ಲಾದರೆ ಒಟ್ಟು 2,500 ಲೀಟರು, ಯಾವ ಪಾತ್ರೆಯೂ 1,000 ಲೀಟರನ್ನು ಮೀರಕೂಡದು. ಆದರೆ ಕಾನೂನು ಒಪ್ಪಿತೆಂದು ಅಷ್ಟನ್ನೂ ಮನೆಯಲ್ಲಿ ಕೂಡಿಡಬೇಕಾಗಿಲ್ಲ. ಹತ್ತು ದಿನದ ಉಳುಮೆಗೆ ಬೇಕಾದಷ್ಟೇ ಸಾಕು.

ನೀಲಿ ಡಬ್ಬಿಯ ದ್ರವ

2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಬಂದ ಮೇಲೆ ಅನೇಕ ಲಾರಿ-ಬಸ್ಸುಗಳಿಗೆ ಡೀಸೆಲ್ಲಿನೊಡನೆ ಡಿ.ಇ.ಎಫ್. ಎಂಬ ಇನ್ನೊಂದು ದ್ರವವೂ ಬೇಕಾಗಿದೆ. ಇದು ಶುದ್ಧ ನೀರಿನಲ್ಲಿ ಶೇಕಡಾ 32.5ರಷ್ಟು ಶುದ್ಧ ಯೂರಿಯಾ ಕರಗಿಸಿದ ದ್ರಾವಣ. ಹೊಗೆಯಲ್ಲಿಯ ನೈಟ್ರೋಜನ್ ಆಕ್ಸೈಡುಗಳನ್ನು ನಿರುಪದ್ರವಿ ನೈಟ್ರೋಜನ್ ಮತ್ತು ನೀರಿನ ಆವಿಯಾಗಿಸುತ್ತದೆ. ಇದಕ್ಕೆ ಬೆಂಕಿ ಹತ್ತದು. ಆದರೆ ಡೀಸೆಲ್ ಟ್ಯಾಂಕಿಗೆ ಸುರಿದರೆ ದುಬಾರಿ ಯಂತ್ರಭಾಗಗಳು ಕೆಡುತ್ತವೆ. ತಪ್ಪು ತಿಳಿದೊಡನೆ ಎಂಜಿನ್ನು ಚಾಲೂ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಬೇಕು. ಹೊಲದ ಯೂರಿಯಾವನ್ನೇ ಕರಗಿಸಿದರಾಯಿತೆಂಬ ಯೋಚನೆಯೂ ತಪ್ಪು. ಅದು ಬೇವಿನೆಣ್ಣೆ ಲೇಪಿತ ಗೊಬ್ಬರ, ಅದರ ಕಲ್ಮಶ ಹೊಗೆ ಶುದ್ಧಿಯ ಭಾಗವನ್ನು ಹಾಳುಮಾಡುತ್ತದೆ. ತಾಮ್ರ-ಹಿತ್ತಾಳೆಗಳನ್ನು ಈ ದ್ರವ ತಿನ್ನುವುದರಿಂದ ಅದರದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬಿಸಿಲು ಬೀಳದೆಡೆ ಇರಿಸಬೇಕು. ಡೀಸೆಲ್ಲಿನ ಲಾಳಿಕೆಯನ್ನು ಇದಕ್ಕೆ ಬಳಸಬಾರದು.

ಬಾಗಿಲಿಗೆ ಬರುವ ಇಂಧನ

2018ರಲ್ಲಿ ಪುಣೆಯಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಡೀಸೆಲ್ಲನ್ನು ಗಿರಾಕಿಯ ಬಾಗಿಲಿಗೇ ತಲುಪಿಸುವ ಕ್ರಮವನ್ನು ಆರಂಭಿಸಿತು. ಹೀಗೆ ಬರುವ ವಾಹನಕ್ಕೆ ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಮನ್ನಣೆ ಇದೆಯೇ, ಮೀಟರು ಸೊನ್ನೆಯಿಂದ ಹೊರಟಿತೇ, ಅಗ್ನಿಶಾಮಕ ಸಿಲಿಂಡರು ಕೈಗೆಟಕುವಂತಿದೆಯೇ ಎಂದು ನೋಡಿಯೇ ಕೊಳ್ಳಬೇಕು. ಎತ್ತಿನ ಹಕ್ಕೆಗೆ ಅಪರಿಚಿತನನ್ನು ಬಿಡದ ಯಜಮಾನ, ಪರವಾನಗಿಯಿಲ್ಲದ ಟ್ಯಾಂಕರನ್ನು ಅಂಗಳಕ್ಕೆ ಬಿಡಬಾರದು.

ಇನ್ನೊಂದು ಮಾತು. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲ್ಪುರ ಜಿಲ್ಲೆಯಲ್ಲಿ ಟ್ಯಾಂಕರೊಂದು ಉರುಳಿತು. ಹರಿದ ಪೆಟ್ರೋಲನ್ನು ತುಂಬಿಕೊಳ್ಳಲು ಹಳ್ಳಿಗರು ಕೊಡ-ಬಕೆಟ್ಟುಗಳೊಡನೆ ಧಾವಿಸಿದರು. ಬೆಂಕಿ ಹೊತ್ತಿ 200ಕ್ಕೂ ಹೆಚ್ಚು ಜನ ಸತ್ತರು. ಉರುಳಿದ ಟ್ಯಾಂಕರಿನ ಬಳಿ ಹೋಗದಂತೆ ತಡೆಯುವವನೇ ಆ ಊರಿನ ನಿಜವಾದ ಹಿತೈಷಿ.

ಅನಾಹುತವಾದಲ್ಲಿ

ಉರಿಯುವ ಡೀಸೆಲ್ಲಿಗೆ ನೀರು ಎರಚಬಾರದು. ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಮರಳು, ಮಣ್ಣು, ಒಣಪುಡಿಯ ಅಗ್ನಿಶಾಮಕಗಳಿಂದ ಆರಿಸಬೇಕು. ಬಟ್ಟೆಗೆ ಬೆಂಕಿ ತಗುಲಿದವರು ಓಡದೆ ನೆಲಕ್ಕುರುಳಬೇಕು. ದಪ್ಪ ಕಂಬಳಿ ಹೊದಿಸಬೇಕು. ಸುಟ್ಟ ಅಂಗದ ಮೇಲೆ ಇಪ್ಪತ್ತು ನಿಮಿಷ ತಂಪು ನೀರು ಹರಿಸಿ, ಬೇರೇನನ್ನೂ ಹಚ್ಚದೆ ಆಸ್ಪತ್ರೆಗೆ ಒಯ್ಯಬೇಕು. ಮಗು ಡೀಸೆಲ್ ಅಥವಾ ಸೀಮೆಎಣ್ಣೆ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಮಹಾ ತಪ್ಪು. ವಾಂತಿಯಾಗುವಾಗ ಎಣ್ಣೆ ಪುಪ್ಪುಸಕ್ಕಿಳಿಯುತ್ತದೆ. ಮಗುವನ್ನೂ ಆ ಬಾಟಲಿಯನ್ನೂ ತಡಮಾಡದೆ ವೈದ್ಯರ ಬಳಿಗೆ ಕೊಂಡೊಯ್ಯಬೇಕು.

ಇಂಧನವನ್ನು ಮನೆಗೆ ತಂದವನ ಹೊಣೆ, ಅದು ಎಂಜಿನ್ನಿನಲ್ಲಿ ಉರಿದು ಮುಗಿಯುವವರೆಗೆ ಮುಗಿಯುವುದಿಲ್ಲ. ಈ ತಿಂಗಳ ಸಂಚಿಕೆಯನ್ನು ಓದಿ ಮುಗಿಸಿದ ಬಂಧುಗಳು ಒಮ್ಮೆ ಎದ್ದು ತಮ್ಮ ಹಿತ್ತಿಲು, ಪಡಸಾಲೆಯ ಮೂಲೆ, ಕಿಟಕಿಯ ಮೇಲಿನ ಹಲಗೆಗಳನ್ನು ನೋಡಲಿ. ಮಕ್ಕಳ ಕೈಗೆಟಕುವೆಡೆ ಇಂಧನ ತುಂಬಿದ ಕುಡಿಯುವ ನೀರಿನ ಬಾಟಲಿಯೊಂದಿದ್ದರೆ, ಅದನ್ನು ಇಂದೇ ಅಲ್ಲಿಂದ ತೆಗೆದು ಯೋಗ್ಯವಾದ ಪಾತ್ರೆಗೆ ಸೇರಿಸಲಿ.