ನಿಮಗಿದು ಗೊತ್ತೆ? ಸರಕು ವಿಮಾನದ ಪೈಲಟ್ ಕೈಗೊಂದು ಪಟ್ಟಿ

ಶಹಾಪುರ ತಾಲ್ಲೂಕಿನ ಗೋಗಿಯ ನೆಲದಡಿ ಯುರೇನಿಯಂ ಇರುವುದು ಹಳೆಯ ಸುದ್ದಿ. ಅದಕ್ಕೂ ಪೈಲಟ್‌ಗೂ ಎಲ್ಲಿಯ ನಂಟು? ರಿಯಾಕ್ಟರಿನಲ್ಲಿ ಯುರೇನಿಯಂ ಸೀಳಿದಾಗ ಸಿಗುವ ಮಾಲಿಬ್ಡಿನಂ-99 ಆಸ್ಪತ್ರೆಗಳ ಸ್ಕ್ಯಾನಿಂಗ್‌ಗೆ ಬೇಕು. ವಿಕಿರಣ ಸೂಸುತ್ತ 66 ಗಂಟೆಗೊಮ್ಮೆ ಅದು ಅರ್ಧಕ್ಕರ್ಧ ಕರಗುತ್ತದೆ. ಹಡಗಿಗೆ ಹಾಕಿದರೆ ತಲುಪುವಾಗ ಉಳಿಯುವುದೇನು? ದೂರದೇಶಕ್ಕೆ ವಿಮಾನವೇ ಗತಿ.

ಇಂಥ ಅಪಾಯಕಾರಿ ಸರಕು ಏನಿದೆ, ಎಷ್ಟಿದೆ, ಎಲ್ಲಿಟ್ಟಿದೆ ಎಂಬುದನ್ನು ಹೊರಡುವ ಮೊದಲೇ ಕ್ಯಾಪ್ಟನ್‌ಗೆ ಬರೆದು ಕೊಡಬೇಕು. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳೂ ಅಪಾಯಕಾರಿ ಸರಕೇ; ಅವನ್ನು 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವಂತಿಲ್ಲ. ಸರಕು ವಿಮಾನದಲ್ಲೂ ಚಾರ್ಜ್ ಶೇ 30 ಮೀರಬಾರದು. 2010ರ ಸೆಪ್ಟೆಂಬರ್ 3ರಂದು ಲಿಥಿಯಂ ಬ್ಯಾಟರಿಗಳಿದ್ದ ಯುಪಿಎಸ್ ಸರಕು ವಿಮಾನ ದುಬೈನಿಂದ ಹೊರಟ ಮೇಲೆ ಬೆಂಕಿಗೆ ತುತ್ತಾಗಿ, ಇಬ್ಬರೂ ಪೈಲಟ್‌ಗಳು ಸತ್ತರು.

ಸರಕು ವಿಮಾನದ ಪೈಲಟ್‌ಗಳ ದುಡಿಮೆ ಹೆಚ್ಚಾಗಿ ರಾತ್ರಿ. ಗಗನಸಖಿಯರಿಲ್ಲ, ಊಟ ತಾವೇ ಬಿಸಿಮಾಡಿಕೊಳ್ಳಬೇಕು. ಆದರೆ ಪೆಟ್ಟಿಗೆಗಳು ತಕರಾರು ಮಾಡುವುದಿಲ್ಲ!

ಈ ಉದ್ಯಮಕ್ಕೆ ನಮ್ಮ ನಾಡಿನವರೂ ಕೈಹಾಕಿದ್ದರು: ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ‘ಡೆಕ್ಕನ್ 360’ ಎಂಬ ಸರಕು ವಿಮಾನ ಸಂಸ್ಥೆ ಆರಂಭಿಸಿದ್ದರು. (ಅವರ ‘ಕ್ಯಾಪ್ಟನ್’ ಸೇನೆಯದು, ಕಾಕ್‌ಪಿಟ್‌ನದಲ್ಲ.) ನಾಗಪುರವನ್ನು ಕೇಂದ್ರ ಮಾಡಿಕೊಂಡು ಏರ್‌ಬಸ್ ಎ310 ವಿಮಾನಗಳನ್ನು ಹಾರಿಸಿದ ಸಂಸ್ಥೆ 2011ರಲ್ಲೇ ನಿಂತಿತು. ಯೋಚನೆ ದೊಡ್ಡದಿತ್ತು, ಬಂಡವಾಳ ಸಾಲಲಿಲ್ಲ.

ಗೋಗಿಯ ಹುಡುಗ ಹುಡುಗಿಯರೇ, ಸರಕು ವಿಮಾನದ ಪೈಲಟ್ ಆಗಲು ಮೊದಲ ಮೆಟ್ಟಿಲಾದ ವಾಣಿಜ್ಯ ಪೈಲಟ್ ಪರವಾನಗಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಆಗಿರಬೇಕು. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಬೆಂಗಳೂರಿನ ಜಕ್ಕೂರಿನಲ್ಲಿದೆ.