ನಿಮಗಿದು ಗೊತ್ತೆ? ಪತ್ರಿಕೆಗೆಂದೇ ಬೇರೆ ಹಕ್ಕಿಲ್ಲ!
'ಪತ್ರಿಕಾ ಸ್ವಾತಂತ್ರ್ಯ' ಎಂಬ ಮಾತು ನಮ್ಮ ಸಂವಿಧಾನದಲ್ಲಿ ಎಲ್ಲೂ ಇಲ್ಲ. 19(1)(ಎ) ವಿಧಿ ಪ್ರತಿ ನಾಗರಿಕನಿಗೂ ಕೊಟ್ಟಿರುವ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲೇ ಅದೂ ಅಡಗಿದೆ ಎಂದು ಸುಪ್ರೀಂ ಕೋರ್ಟ್ ಹೇಳುತ್ತ ಬಂದಿದೆ.

● ಮುಂಬೈನ 'ಕ್ರಾಸ್ ರೋಡ್ಸ್' ವಾರಪತ್ರಿಕೆ ತನ್ನ ಗಡಿಯೊಳಗೆ ಬರಬಾರದೆಂದು ಮದ್ರಾಸ್ ಸರ್ಕಾರ ಹೊರಡಿಸಿದ್ದ ಆದೇಶ 1950ರಲ್ಲಿ ಬಿದ್ದುಹೋಯಿತು. ಹಂಚಲು ಬಿಡದಿದ್ದರೆ ಅಚ್ಚು ಹಾಕಿ ಏನು ಫಲ ಎಂಬುದು ತೀರ್ಪಿನ ತಿರುಳು.

● ಮರುವರ್ಷವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು. ವಾಕ್ ಸ್ವಾತಂತ್ರ್ಯಕ್ಕೆ ಹಾಕಬಹುದಾದ ನಿರ್ಬಂಧದ ಕಾರಣಗಳ ಪಟ್ಟಿಗೆ 'ಸಾರ್ವಜನಿಕ ಸುವ್ಯವಸ್ಥೆ' ಸೇರಿತು. ನಿರ್ಬಂಧ 'ಸಮಂಜಸ'ವಾಗಿರಬೇಕೆಂಬ ಷರತ್ತೂ ಆಗಲೇ ಬಂತು.

● ಪುಟಕ್ಕೆ ತಕ್ಕಂತೆ ಪತ್ರಿಕೆಯ ಬೆಲೆ ಕಟ್ಟುವ ಕಾನೂನು, ಪುಣೆಯ 'ಸಕಾಳ್' ದಿನಪತ್ರಿಕೆ ಹೂಡಿದ ಮೊಕದ್ದಮೆಯಲ್ಲಿ 1961ರಲ್ಲಿ ರದ್ದಾಯಿತು.

ಸಂಪಾದಕರಿಗಿರುವ ವಾಕ್ ಸ್ವಾತಂತ್ರ್ಯ ಓದುಗರಾದ ನಿಮಗೂ ಇದೆ. ಅಷ್ಟೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.