ಆಟದ ವಿಡಿಯೋದಲ್ಲಿ ದನಿ ಕಾಣೆಯಾದಾಗ



ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಆಡಿದ ಆಟವನ್ನು ರೆಕಾರ್ಡ್ ಮಾಡಿ, ಬೇಕಾದಷ್ಟನ್ನು ಕತ್ತರಿಸಿ ಜೋಡಿಸಿ ಗೆಳೆಯರಿಗೆ ತೋರಿಸುವ ಹವ್ಯಾಸ ನಿಮ್ಮಲ್ಲಿ ಅನೇಕರಿಗೆ ಇದೆ. ‘ಇದೆಂಥ ಕಾಲಹರಣ’ ಎಂದು ಮೂಗು ಮುರಿಯುವ ಹಿರಿಯರೂ ನಮ್ಮ ನಡುವೆ ಇದ್ದಾರೆ. ನಾನು ಆ ಗುಂಪಿಗೆ ಸೇರಿದವಳಲ್ಲ. ಅದಕ್ಕೆ ಕಾರಣವಿದೆ.

ಮುಂಬಯಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗನಿಗೆ ಕಾಲೇಜಿನಲ್ಲಿ ಇಂಗ್ಲಿಷ್, ರೈಲಿನಲ್ಲಿ ಹಿಂದಿ, ಬಿಲ್ಡಿಂಗಿನಲ್ಲಿ ಮರಾಠಿ. ಆದರೆ ಶನಿವಾರ ರಾತ್ರಿ ಧಾರವಾಡದಲ್ಲಿರುವ ಸೋದರಮಾವನ ಮಕ್ಕಳ ಜೊತೆ ‘ಮೈನ್‌ಕ್ರಾಫ್ಟ್’ ಆಡಲು ಕುಳಿತನೆಂದರೆ ಎರಡು ಗಂಟೆ ಕಾಲ ಬಾಯಿತುಂಬ ಕನ್ನಡ. ‘ಏ, ಹಿಂದ ಸರೀಲೇ, ಬೀಳ್ತೀ ನೋಡ!’ ಎಂಬ ಆ ಮಾತು ಯಾವ ಪಠ್ಯಪುಸ್ತಕದಲ್ಲೂ ಸಿಗುವಂಥದಲ್ಲ. ಹೊರನಾಡಿನಲ್ಲಿರುವ ನಿಮ್ಮಂಥವರಿಗೆ ಹೀಗೆ ಸಹಜವಾಗಿ ಕನ್ನಡವಾಡುವ ಸಂದರ್ಭಗಳು ಎಷ್ಟು ಕಡಿಮೆಯೆಂಬುದು ನಿಮಗೇ ಗೊತ್ತು.

ಅಂಥ ರೆಕಾರ್ಡಿಂಗನ್ನು ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದಾಗ ಚಿತ್ರ ಮಾತ್ರ ಬಂದು ದನಿ ಬಾರದಿದ್ದರೆ? ‘ಫೈಲು ಕೆಟ್ಟಿದೆ’ ಎಂದು ಎಷ್ಟೋ ಮಕ್ಕಳು ಅದನ್ನು ಅಳಿಸಿಬಿಡುತ್ತಾರೆ, ಇಲ್ಲವೇ ಮೇಲೊಂದು ಸಂಗೀತ ಹಚ್ಚಿ ಮುಗಿಸುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಇದು! ಆಟವನ್ನು ಮತ್ತೆ ಆಡಬಹುದು. ಅಂದಿನ ಮಾತು, ಅಂದಿನ ನಗು ಮತ್ತೆ ಬಾರವು. ಹೆಚ್ಚಿನ ಸಂದರ್ಭಗಳಲ್ಲಿ ದನಿ ಫೈಲಿನೊಳಗೇ ಕ್ಷೇಮವಾಗಿರುತ್ತದೆ. ಅದನ್ನು ಹೊರತರುವ ಬಗೆ ತಿಳಿದಿರಬೇಕಷ್ಟೆ. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ಗೃಹಿಣಿ, ತಂತ್ರಜ್ಞೆಯಲ್ಲ. ಮಗನ ಪಕ್ಕದಲ್ಲಿ ಕುಳಿತು, ಕೈಪಿಡಿಗಳನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಡಬ್ಬಿ ಬೇರೆ, ಒಳಗಿನ ಸಾಮಾನು ಬೇರೆ

ನಮ್ಮ ಅಡುಗೆಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ‘ರವೆ’ ಎಂಬ ಚೀಟಿ ಇದ್ದರೂ ಒಳಗಿರುವುದು ಉಪ್ಪಿಟ್ಟಿನ ರವೆಯೋ ಚಿರೋಟಿ ರವೆಯೋ ಎಂಬುದು ಮುಚ್ಚಳ ತೆಗೆದಾಗಲೇ ಗೊತ್ತಾಗುವುದು. ಫೈಲಿನ ಹೆಸರಿನ ಕೊನೆಗೆ ಬರುವ ಎಂಪಿ4, ಎಂಕೆವಿ, ಎಂಒವಿ ಎಂಬವೆಲ್ಲ ಬರೀ ಡಬ್ಬಿಯ ಹೆಸರುಗಳು. ಒಳಗೆ ಚಿತ್ರವನ್ನು ಒಂದು ವಿಧಾನದಲ್ಲಿ, ದನಿಯನ್ನು ಇನ್ನೊಂದು ವಿಧಾನದಲ್ಲಿ ಅಡಕಮಾಡಿ ಇಟ್ಟಿರುತ್ತಾರೆ. ಈ ವಿಧಾನಕ್ಕೆ ‘ಕೋಡೆಕ್’ ಎಂದು ಹೆಸರು.

ದನಿಯ ಕೋಡೆಕ್‌ಗಳಲ್ಲಿ 1997ರಲ್ಲಿ ಸಿದ್ಧವಾದ ಎಎಸಿ ಬಹಳ ಬಳಕೆಯಲ್ಲಿದೆ. 2012ರಲ್ಲಿ ಅಂತರಜಾಲದ ಪ್ರಮಾಣಿತ ಪದ್ಧತಿಯಾಗಿ ಮಾನ್ಯತೆ ಪಡೆದ ಓಪಸ್ ಉಚಿತವಾದದ್ದು, ಕಡಿಮೆ ಜಾಗದಲ್ಲಿ ಒಳ್ಳೆಯ ದನಿ ಕೊಡುವಂಥದು. ದನಿಯನ್ನು ಅಡಕಮಾಡದೆ ಇದ್ದ ಹಾಗೇ ಇಡುವುದು ಪಿಸಿಎಂ. ‘ವೇವ್’ ಫೈಲುಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ.

‘ಪ್ಲೇಯರಿನಲ್ಲಿ ದನಿ ಕೇಳುತ್ತದೆ, ಎಡಿಟರಿನಲ್ಲಿ ಮಾತ್ರ ಇಲ್ಲ, ಏಕೆ?’ ಎಂದು ನೀವು ಕೇಳಬಹುದು. ವಿಎಲ್‌ಸಿಯಂಥ ಪ್ಲೇಯರು ಬಹುತೇಕ ಎಲ್ಲ ಕೋಡೆಕ್‌ಗಳನ್ನೂ ಬಿಡಿಸುವ ಸಾಧನವನ್ನು ತನ್ನೊಳಗೇ ಇಟ್ಟುಕೊಂಡಿದೆ. ಎಡಿಟಿಂಗ್ ತಂತ್ರಾಂಶಗಳಲ್ಲಿ ಹಲವು, ತಯಾರಕರು ಸೇರಿಸಿದ ಕೆಲವನ್ನು ಮಾತ್ರ ಓದಬಲ್ಲವು. ಓದಲಾರದ ದನಿಯನ್ನು ಅವು ಸುಮ್ಮನೆ ಬಿಟ್ಟುಬಿಡುತ್ತವೆ.

ಮೊದಲು ಮುಚ್ಚಳ ತೆಗೆದು ನೋಡಿ

ಔಷಧಿಗೆ ಮೊದಲು ರೋಗ ಯಾವುದೆಂದು ತಿಳಿಯಬೇಕು. ಫೈಲನ್ನು ವಿಎಲ್‌ಸಿಯಲ್ಲಿ ತೆರೆದು, ‘ಟೂಲ್ಸ್’ ಪಟ್ಟಿಯಲ್ಲಿರುವ ‘ಕೋಡೆಕ್ ಇನ್ಫರ್ಮೇಷನ್’ ಒತ್ತಿರಿ. ದನಿಯ ಕೋಡೆಕ್ ಯಾವುದು, ಸ್ಯಾಂಪಲ್ ರೇಟ್ ಎಷ್ಟು, ದನಿಯ ಟ್ರ್ಯಾಕುಗಳು ಎಷ್ಟಿವೆ ಎಂಬ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ದಾರಿ ಇದರಿಂದಲೇ ತಿಳಿಯುತ್ತದೆ.

ಡಬ್ಬಿಯೇ ಒಗ್ಗದಿದ್ದರೆ: ಕೋಡೆಕ್ ಎಎಸಿಯೇ ಆಗಿದ್ದು ಡಬ್ಬಿ ಮಾತ್ರ ಎಂಕೆವಿ ಆಗಿದ್ದರೆ ಕೆಲಸ ಸುಲಭ. ಓಬಿಎಸ್ ಸ್ಟುಡಿಯೋದ ‘ಫೈಲ್’ ಪಟ್ಟಿಯಲ್ಲಿ ‘ರೀಮಕ್ಸ್ ರೆಕಾರ್ಡಿಂಗ್ಸ್’ ಎಂಬುದಿದೆ. ಒಳಗಿನ ಸಾಮಾನನ್ನು ಮುಟ್ಟದೆ ಎಂಪಿ4 ಡಬ್ಬಿಗೆ ಸುರಿದುಕೊಡುತ್ತದೆ. ಗುಣಮಟ್ಟ ಒಂದಿಷ್ಟೂ ಕುಂದುವುದಿಲ್ಲ.

ದನಿಯ ಕೋಡೆಕ್ ಒಗ್ಗದಿದ್ದರೆ: ದನಿಯನ್ನಷ್ಟೇ ಬದಲಿಸಿ, ಚಿತ್ರವನ್ನು ಮುಟ್ಟಬೇಡಿ. ಅವಿಡೆಮಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರಕ್ಕೆ ‘ಕಾಪಿ’, ದನಿಗೆ ‘ಎಎಸಿ’, ಡಬ್ಬಿಗೆ ‘ಎಂಪಿ4’ ಎಂದು ಆರಿಸಿ ಉಳಿಸಿದರಾಯಿತು. ಇನ್ನೊಂದು ದಾರಿಯೂ ಇದೆ. ಆಡಾಸಿಟಿಗೆ ಎಫ್‌ಎಫ್‌ಎಂಪೆಗ್ ಲೈಬ್ರರಿಯನ್ನು ಜೋಡಿಸಿಕೊಂಡರೆ ಅದು ವಿಡಿಯೋದಿಂದ ದನಿಯನ್ನು ತೆಗೆಯಬಲ್ಲದು. ಅದನ್ನು ವೇವ್ ಆಗಿ ಉಳಿಸಿ, ಎಡಿಟರಿನಲ್ಲಿ ಚಿತ್ರದ ಕೆಳಗೆ ಇಡಿ. ಆದರೆ ಜಾಗದ ಲೆಕ್ಕ ನೆನಪಿರಲಿ: ಎಎಸಿ 160 ಕಿಲೋಬಿಟ್‌ನಲ್ಲಿ ನಿಮಿಷಕ್ಕೆ ಸುಮಾರು 1.2 ಎಂಬಿ, ಎರಡು ಚಾನೆಲಿನ, 16 ಬಿಟ್‌ನ, 48,000 ಹರ್ಟ್ಸ್‌ನ ವೇವ್ ನಿಮಿಷಕ್ಕೆ ಸುಮಾರು 11.5 ಎಂಬಿ.

ಆಟದ ಸದ್ದು ಬಂದು ಮಾತು ಬಾರದಿದ್ದರೆ: ಗಾಬರಿಯಾಗಬೇಡಿ. ಓಬಿಎಸ್‌ನಲ್ಲಿ ಆರು ಟ್ರ್ಯಾಕುಗಳವರೆಗೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಬಹುದು. ಪ್ಲೇಯರುಗಳು ಸಾಮಾನ್ಯವಾಗಿ ಒಮ್ಮೆಗೆ ಒಂದನ್ನು ಮಾತ್ರ ಕೇಳಿಸುತ್ತವೆ. ಮೈಕಿನ ಮಾತು ಎರಡನೆಯ ಟ್ರ್ಯಾಕಿನಲ್ಲಿರಬಹುದು. ವಿಎಲ್‌ಸಿಯ ‘ಆಡಿಯೋ’ ಪಟ್ಟಿಯಲ್ಲಿ ‘ಆಡಿಯೋ ಟ್ರ್ಯಾಕ್’ ಬದಲಿಸಿ ಕೇಳಿ. ಶಾಟ್‌ಕಟ್ ಎಡಿಟರಿನಲ್ಲಾದರೆ ‘ಪ್ರಾಪರ್ಟೀಸ್’ನಲ್ಲಿ ಬೇಕಾದ ಟ್ರ್ಯಾಕನ್ನು ಆರಿಸಿಕೊಳ್ಳಬಹುದು. ಇನ್ನೇನು ಅಳಿಸಬೇಕೆಂದಿದ್ದ ಮಾತು ಸಿಕ್ಕುವುದು ಅನೇಕ ಸಲ ಇಲ್ಲೇ.

ಎತ್ತು ಏರಿಗೆ, ಕೋಣ ನೀರಿಗೆ

ಇನ್ನೊಂದು ತೊಂದರೆಯೂ ಉಂಟು. ದನಿ ಇರುತ್ತದೆ, ಚಿತ್ರಕ್ಕೆ ಹೊಂದುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ವ್ಯತ್ಯಾಸ ಒಂದೇ ಸಮನಾಗಿದ್ದರೆ ದನಿಯನ್ನು ಅಷ್ಟು ಹಿಂದೆ ಮುಂದೆ ಸರಿಸಿದರೆ ಸಾಕು. ಹೋಗುತ್ತ ಹೋಗುತ್ತ ಅಂತರ ಬೆಳೆಯುತ್ತಿದ್ದರೆ ಎರಡು ಕಾರಣಗಳನ್ನು ಹುಡುಕಿ.

ಮೊದಲನೆಯದು ಸ್ಯಾಂಪಲ್ ರೇಟ್. ಸಂಗೀತದ ಸಿ.ಡಿ.ಗೆ ಸೆಕೆಂಡಿಗೆ 44,100, ವಿಡಿಯೋಗೆ ಸಾಮಾನ್ಯವಾಗಿ 48,000. ನಲವತ್ತೆಂಟರ ದನಿಯನ್ನು ತಂತ್ರಾಂಶ ನಲವತ್ತನಾಲ್ಕೆಂದು ತಪ್ಪಾಗಿ ಓದಿದರೆ ಒಂದು ಗಂಟೆಯ ಮಾತು 65 ನಿಮಿಷ 18 ಸೆಕೆಂಡಿಗೆ ಹಿಗ್ಗುತ್ತದೆ, ಸ್ವರವೂ ಗಡುಸಾಗುತ್ತದೆ. ವಿಂಡೋಸ್ ಸೆಟಿಂಗ್, ರೆಕಾರ್ಡರು, ಎಡಿಟರು ಮೂರರಲ್ಲೂ 48,000 ಎಂದೇ ಇಟ್ಟುಬಿಡಿ.

ಎರಡನೆಯದು ಚಿತ್ರದ ವೇಗ. ಮೊಬೈಲಿನ ಸ್ಕ್ರೀನ್ ರೆಕಾರ್ಡಿಂಗ್‌ಗಳಲ್ಲಿ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಅನೇಕ ವೇಳೆ ಒಂದೇ ಸಮನಾಗಿರುವುದಿಲ್ಲ. ಕೆಲವು ಎಡಿಟರುಗಳು ಅದನ್ನು ಸ್ಥಿರವೆಂದೇ ಎಣಿಸುತ್ತವೆ. ಹ್ಯಾಂಡ್‌ಬ್ರೇಕ್ ತಂತ್ರಾಂಶದ ‘ವಿಡಿಯೋ’ ವಿಭಾಗದಲ್ಲಿ 30 ಅಥವಾ 60 ಆರಿಸಿ, ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಗುರುತು ಹಾಕಿ ಹೊಸ ಪ್ರತಿ ಮಾಡಿಕೊಳ್ಳಿ. ಇದು ಚಿತ್ರವನ್ನೂ ಹೊಸದಾಗಿ ಅಡಕಮಾಡುತ್ತದೆ. ಸಮಯ ಹಿಡಿಯುತ್ತದೆ, ಗುಣಮಟ್ಟವೂ ತುಸು ಕುಂದುತ್ತದೆ. ಆದ್ದರಿಂದ ಈ ತೊಂದರೆ ಇದ್ದಾಗ ಮಾತ್ರ ಇದನ್ನು ಬಳಸಿ.

ಆಟಕ್ಕೆ ಕೂರುವ ಮುನ್ನ

ಓಬಿಎಸ್‌ನಲ್ಲಿ ರೆಕಾರ್ಡಿಂಗಿಗೆ ಎಂಕೆವಿ ಡಬ್ಬಿ ಇರಲಿ. ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ. ಸಾದಾ ಎಂಪಿ4ನಲ್ಲಿ ಒಳಗಿನ ಸೂಚಿಯನ್ನು ಕೊನೆಗೆ ಬರೆಯುವುದರಿಂದ ಇಡೀ ಫೈಲೇ ತೆರೆಯದೆ ಹೋಗಬಹುದು. ದನಿಗೆ ಎಎಸಿ ಆರಿಸಿ. ನಿಮ್ಮ ಮೈಕಿಗೆ ಒಂದು ಟ್ರ್ಯಾಕ್, ಆಟದ ಸದ್ದಿಗೆ ಒಂದು ಟ್ರ್ಯಾಕ್ ಕೊಟ್ಟರೆ ಗುಂಡಿನ ಸದ್ದಿನಲ್ಲಿ ಮಾತು ಮುಳುಗಿಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ ನಿಮ್ಮ ಎಡಿಟರಿನಲ್ಲಿ ತೆರೆದು ನೋಡಿ. ಒಂದು ನಿಮಿಷದ ಪರೀಕ್ಷೆ ಎರಡು ಗಂಟೆಯ ಆಟವನ್ನು ಕಾಯುತ್ತದೆ. ಎಡಿಟಿಂಗ್ ಪೂರ್ತಿ ಮುಗಿಯುವವರೆಗೆ ಮೂಲ ಫೈಲನ್ನು ಅಳಿಸಲೇಬೇಡಿ.

ಇಷ್ಟು ಕಲಿತವರಿಗೆ ನನ್ನದೊಂದು ಕೋರಿಕೆಯಿದೆ. ನಾಟಕ, ಯಕ್ಷಗಾನ, ಹಿರಿಯರ ಭಾಷಣ ಎಂದು ನಮ್ಮ ಸಂಘಗಳಲ್ಲಿ, ಮನೆಗಳಲ್ಲಿ ಎಷ್ಟೋ ವಿಡಿಯೋ ಫೈಲುಗಳು ದನಿಯಿಲ್ಲದೆ, ಇಲ್ಲವೇ ದನಿ ಹೊಂದದೆ ಮೂಲೆ ಸೇರಿರುತ್ತವೆ. ಅವಕ್ಕೂ ಇದೇ ಚಿಕಿತ್ಸೆ ನಡೆಯುತ್ತದೆ. ಮುಂದಿನ ಸಲ ಸಂಘಕ್ಕೆ ಬಂದಾಗ ಲ್ಯಾಪ್‌ಟಾಪ್ ತೆಗೆದುಕೊಂಡು ಬನ್ನಿ, ನಿಮ್ಮ ಕಾಕಾ, ಮಾಮಿಯರ ಫೈಲುಗಳ ಮುಚ್ಚಳವನ್ನೂ ಒಮ್ಮೆ ತೆಗೆದು ನೋಡಿ. ಚಹಾ, ಅವಲಕ್ಕಿಯ ವ್ಯವಸ್ಥೆ ನಮ್ಮದಿರಲಿ.